ಬೆಂಚು ಒಂದು ಅಡಿ ರಸ್ತೆಗೆ ಬಂದಿದೆ

ಈ ಕಥೆಯಲ್ಲಿ ಮೂರ್ಖ ಯಾರು ಎಂದು ಹುಡುಕಿಕೊಂಡು ಕೊನೆಯವರೆಗೆ ಬರುವ ಶ್ರಮ ನಿಮಗೆ ಬೇಡ. ಅದು ನಾನು. ಉಳಿದವರೂ ನನ್ನ ಜೊತೆ ಸ್ಪರ್ಧೆಗಿಳಿದರು, ಚೆನ್ನಾಗಿಯೇ ಆಡಿದರು, ಆದರೆ ಮೊದಲ ಸ್ಥಾನವನ್ನು ನಾನು ಯಾರಿಗೂ ಬಿಟ್ಟುಕೊಡಲಿಲ್ಲ. ಮೂವತ್ತು ದಿನ, ಸರಕಾರದ ರಿಜಿಸ್ಟರಿನಲ್ಲಿ, ಒಂದೇ ಸಾಲನ್ನು ಮೂವತ್ತು ಸಲ ಬರೆದೆ. ಆ ಸಾಲು ಒಬ್ಬ ಹೆಂಗಸಿನ ಅನ್ನಕ್ಕೆ ಮಣ್ಣು ಹಾಕುವಂಥದ್ದು. ದ್ವೇಷದಿಂದ ಬರೆದದ್ದಲ್ಲ. ಆ ರಿಜಿಸ್ಟರಿನ ಭಾಷೆಯಲ್ಲಿ ನನಗೆ ಬರೆಯಲು ಬರುತ್ತಿದ್ದದ್ದು ಅದೊಂದೇ ಸಾಲು.

ನಾನು ಕಾಸರಗೋಡಿನವನು, ಕನ್ನಡ ಶಾಲೆಯಲ್ಲಿ ಓದಿದವನು. ಮಲಯಾಳ ನನಗೆ ಕಿವಿಯಿಂದ ಬಂದ ಭಾಷೆ. ಏಲೂರಿನ ಗೊಬ್ಬರದ ಕಾರ್ಖಾನೆಯಲ್ಲಿ ಮಾವನಿಗೆ ಕೆಲಸ. ಅವರ ಮನೆಯಲ್ಲಿದ್ದುಕೊಂಡು ಕೊಚ್ಚಿಯಲ್ಲಿ ಮೂರು ವರ್ಷ ಡಿಗ್ರಿ ಓದಿದೆ. ಓದಿದ್ದಕ್ಕಿಂತ ಹೆಚ್ಚು ಮಿಮಿಕ್ರಿ ಮಾಡಿದೆ. ತೊಂಬತ್ತರ ಆಸುಪಾಸಿನ ಕೊಚ್ಚಿಯಲ್ಲಿ ನಾಲ್ಕು ಹುಡುಗರೂ ಒಂದು ಮೈಕೂ ಒಟ್ಟಾದರೆ ಅದು ಮಿಮಿಕ್ರಿ ತಂಡ. ಬಸ್ ಕಂಡಕ್ಟರ್, ಮೀನು ಮಾರುವವಳು, ಭಾಷಣದ ನಡುವೆ ನೀರು ಕುಡಿಯುವ ಮಂತ್ರಿ, ಪಾಳಿ ಬದಲಿನ ಸೈರನ್, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಹನ್ನೆರಡು ಜನರ ಮಲಯಾಳ ಮಾತಾಡುತ್ತಿದ್ದೆ; ಓದಲು ಒಬ್ಬನದೂ ಬರುತ್ತಿರಲಿಲ್ಲ. ಬಸ್ಸಿನ ಬೋರ್ಡುಗಳನ್ನು ಮನುಷ್ಯರ ಮುಖದ ಹಾಗೆ ಗುರುತು ಹಿಡಿಯುತ್ತಿದ್ದೆನೇ ಹೊರತು ಓದುತ್ತಿರಲಿಲ್ಲ. ಇಷ್ಟು ಮಾತಾಡುವವನಿಗೆ ಅಕ್ಷರ ಬಾರದು ಎಂದು ಯಾರು ಎಣಿಸುತ್ತಾರೆ? ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮುಂದಿನ ಓದಿಗೆ ತಿರುವನಂತಪುರಕ್ಕೆ ಬಂದು ಪಟ್ಟಂನಲ್ಲಿ ಅಕ್ಕನ ಮನೆ ಸೇರಿದೆ. ಭಾವ ಬಾಹ್ಯಾಕಾಶ ಸಂಸ್ಥೆಯಲ್ಲಿದ್ದರು. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ಒಂದು ಪ್ರಕಟಣೆ ಕಂಡಿತು: ಸಂಚಾರ ನಿಯಂತ್ರಣದಲ್ಲಿ ಪೊಲೀಸರಿಗೆ ನೆರವಾಗಲು ಸ್ವಯಂಸೇವಕರು ಬೇಕು. ಸಂಜೆ ನಾಲ್ಕರಿಂದ ಏಳು. ಅರವತ್ತು ದಿನ ತಪ್ಪದೆ ಕೆಲಸ ಮಾಡಿದವರಿಗೆ ಸರ್ಟಿಫಿಕೇಟ್. ಸರಕಾರಿ ಕೆಲಸದ ಸಂದರ್ಶನದಲ್ಲಿ ಅದನ್ನು ಮೇಜಿನ ಮೇಲಿಟ್ಟರೆ ಎದುರಿಗೆ ಕೂತವರು ಎದ್ದು ನಿಲ್ಲುತ್ತಾರೆ ಎಂದು ಯಾರೋ ನಂಬಿಸಿದರು. ನಂಬಿದೆ.

ಕಾಗದದ ಮೇಲೆ ನಾವು ವಿಶೇಷ ಪೊಲೀಸ್ ಅಧಿಕಾರಿಗಳು. ವಿಶೇಷ ಏನೆಂದರೆ ಸಂಬಳ ಇಲ್ಲ, ಲಾಠಿ ಇಲ್ಲ, ಯಾರನ್ನೂ ಹಿಡಿಯುವ ಅಧಿಕಾರ ಇಲ್ಲ. ಇದ್ದದ್ದು ತೋಳಿಗೊಂದು ನೀಲಿ ಪಟ್ಟಿ, ಕುತ್ತಿಗೆಗೊಂದು ಸೀಟಿ, ಮುಂಗೈಗೆ ಬಿಳಿ ತೋಳುಚೀಲ. ಹತ್ತು ದಿನ ಮೈದಾನದಲ್ಲಿ ತರಬೇತಿ ಕೊಟ್ಟರು. ಉದ್ದಕ್ಕೆ ಒಂದು ಸೀಟಿ ಊದಿದರೆ ನಿಲ್ಲು, ಗಿಡ್ಡಕ್ಕೆ ಎರಡು ಊದಿದರೆ ಹೋಗು. ಕೈ ಭುಜದ ಮಟ್ಟಕ್ಕೆ ಬರಬೇಕು, ಬೆರಳು ಅಗಲಿಸಬಾರದು, ಎದುರಿನ ಡ್ರೈವರನ ಕಣ್ಣು ನೋಡಬೇಕು. ಇಪ್ಪತ್ತು ಜನ ಗಂಡಸರು ಬಟಾಬಯಲಲ್ಲಿ ನಿಂತು ಇಲ್ಲದ ಬಸ್ಸುಗಳನ್ನು ತಡೆದೆವು. ಬದುಕಿನಲ್ಲಿ ನಮ್ಮ ಮಾತು ಕೇಳಿದ ಬಸ್ಸುಗಳು ಅವು ಮಾತ್ರ.

ಸೀಟಿ ಕುತ್ತಿಗೆಗೆ ಬಿದ್ದ ಕೂಡಲೇ ಮನುಷ್ಯ ಹೇಗೆ ಬದಲಾಗುತ್ತಾನೆ ಎಂಬುದನ್ನು ನೋಡಬೇಕು. ನಮ್ಮಲ್ಲೊಬ್ಬ ವಿಮೆ ಏಜೆಂಟ್ ಇದ್ದ. ಮನೆಯಲ್ಲಿ ಹೆಂಡತಿಯನ್ನು ಊಟಕ್ಕೆ ಕರೆಯಲೂ ಸೀಟಿ ಊದುತ್ತಾನೆಂದು ಸುದ್ದಿ. ದಳದ ಮುಖ್ಯಸ್ಥರು ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಸೈನ್ಯವನ್ನು ಸಿನಿಮಾದಲ್ಲಿ ಮಾತ್ರ ನೋಡಿದ್ದರು, ಆದರೂ ಅವರನ್ನು ಕ್ಯಾಪ್ಟನ್ ಸಾರ್ ಎಂದೇ ಕರೆಯಬೇಕು. ಆಟೋದವರು ನಮ್ಮನ್ನು ಕರೆಯುತ್ತಿದ್ದದ್ದು ಸೀಟಿ ಪಾರ್ಟಿ ಎಂದು. ನಾನೂ ಕಡಿಮೆಯಲ್ಲ. ಮೊದಲ ದಿನ ತೋಳುಪಟ್ಟಿ ಕಟ್ಟಿಕೊಂಡು ಪಟ್ಟಂನಿಂದ ತಂಪಾನೂರಿನವರೆಗೆ ಬಸ್ಸಿನಲ್ಲಿ ನಿಂತೇ ಹೋದೆ, ಸೀಟು ಖಾಲಿ ಇದ್ದರೂ. ಕೂತರೆ ಪಟ್ಟಿ ಕಾಣುವುದಿಲ್ಲವಲ್ಲ.

ತರಬೇತಿಯ ಕೊನೆಗೆ ಅಸಿಸ್ಟೆಂಟ್ ಕಮಿಷನರ್ ಬಂದು ಭಾಷಣ ಮಾಡಿದರು. ಉತ್ತರದ ಕಡೆಯ ಯುವ ಅಧಿಕಾರಿ, ಕೇರಳಕ್ಕೆ ಹೊಸಬರು. ಪ್ರತಿ ಮಾತನ್ನೂ 'ಲುಕ್' ಎಂದು ಸುರು ಮಾಡಿ, ಮಲಯಾಳದ ಶಬ್ದಗಳನ್ನು ಒಂದೊಂದಾಗಿ, ಬಿಸಿ ಆಲೂಗಡ್ಡೆ ಇಳಿಸಿದ ಹಾಗೆ ಇಳಿಸುತ್ತಿದ್ದರು. ನಾನು ಮುಂದಿನ ಸಾಲಿನಲ್ಲಿದ್ದೆ. ಅವರ ಕೈಯ ಕಾಗದದಲ್ಲಿ ಮಲಯಾಳದ ಭಾಷಣ ಇಂಗ್ಲಿಷ್ ಅಕ್ಷರದಲ್ಲಿತ್ತು. ನನ್ನ ಜಾತಿಯವರೇ ಎಂದು ಮನಸ್ಸಿನಲ್ಲೇ ನಕ್ಕೆ. ಭಾಷಣದ ಸಾರ ಇಷ್ಟು: "ಲುಕ್. ಪೊಲೀಸ್ ಬರೆಯುತ್ತಾನೆ. ನೀವು ಊರಿನವರು. ನೀವು ಮೊದಲು ಮಾತಾಡಿ." ಚಪ್ಪಾಳೆ ಬಿತ್ತು. ನಾನು ಅದೇ ಸಂಜೆ ಅವರ ಧ್ವನಿಯಲ್ಲಿ ಇದನ್ನು ದಳದವರಿಗೆ ಮಾಡಿ ತೋರಿಸಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾತಿನ ಅರ್ಥವನ್ನು ಮಾತ್ರ ಯಾರೂ, ನಾನೂ ಸೇರಿ, ತಲೆಗೆ ಹಾಕಿಕೊಳ್ಳಲಿಲ್ಲ.

ನನಗೂ ಕ್ಯಾಪ್ಟನ್‌ಗೂ ಸಿಕ್ಕಿದ್ದು ತಂಪಾನೂರಿನ ಒಂದು ಅಡ್ಡರಸ್ತೆ. ಬಸ್‌ಸ್ಟ್ಯಾಂಡಿನಿಂದ ಲಾಡ್ಜುಗಳ ಕಡೆ ಹೋಗುವ ಜನ, ಆಟೋ, ಗೂಡ್ಸ್ ಗಾಡಿ ಎಲ್ಲ ಅದರಲ್ಲೇ ನುಗ್ಗಬೇಕು. ರಸ್ತೆಯ ಮೂಲೆಯಲ್ಲಿ ಒಂದು ಚಹಾ ಗಾಡಿ. ಅದರ ಒಡತಿಗೆ ಐವತ್ತರ ಹತ್ತಿರ ವಯಸ್ಸು. ಎಲ್ಲರಿಗೂ ಚೇಚಿ, ಅಂದರೆ ಅಕ್ಕ. ಆ ಮೂಲೆಯಲ್ಲಿ ಹನ್ನೊಂದು ವರ್ಷದಿಂದ ಇದ್ದರು. ಬಸ್ಸಿಳಿದವನಿಗೆ ಮೊದಲು ಕಾಣುವುದು ಆ ಮೂಲೆ. ಅಲ್ಲಿಂದ ಇಪ್ಪತ್ತು ಹೆಜ್ಜೆ ಒಳಗೆ ಹೋದರೆ ಗಿರಾಕಿ ಎಂಬ ಪ್ರಾಣಿಯೇ ಇಲ್ಲ. ತಿರುವನಂತಪುರದವರು ಚಿಕ್ಕವರನ್ನು ಕರೆಯುವ ಹಾಗೆ ನನ್ನನ್ನು 'ಅಪ್ಪೀ' ಎಂದು ಕರೆಯುತ್ತಿದ್ದರು. ಅವರೆಲ್ಲ ಆಡಿದ್ದು ಮಲಯಾಳ. ಇಲ್ಲಿ ನನ್ನ ಕಾಸರಗೋಡಿನ ಕನ್ನಡಕ್ಕೆ ಇಳಿಸಿದ್ದೇನೆ.

ಮೊದಲ ದಿನವೇ ಕ್ಯಾಪ್ಟನ್ ಆ ಗಾಡಿಯ ಬೆಂಚನ್ನು ತಮ್ಮ ಕಚೇರಿ ಮಾಡಿಕೊಂಡರು. ಒಲೆಯ ಕಾವು ಬೆನ್ನಿಗೆ ತಾಗುತ್ತದೆಂದು ಅದನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು, ಕಾಲು ಚಾಚಿ ಕೂತು, ಚೀಲದಿಂದ ರಿಜಿಸ್ಟರ್ ತೆಗೆದರು.

"ನೋಡು ಮೋನೇ, ಸೀಟಿ ಯಾರು ಬೇಕಾದರೂ ಊದಬಹುದು. ಕೆಲಸ ಇರುವುದು ಇದರಲ್ಲಿ," ಎಂದರು. ಮೋನೇ ಅಂದರೆ ಮಗನೇ.

ರಿಜಿಸ್ಟರಿನ ಕ್ರಮ ಹೀಗೆ. ಒಂದು ಕಾಲಂ ತಾರೀಕು, ಒಂದು ಕಾಲಂ ಅಂದು ಕಂಡ ಅಡಚಣೆಯ ವಿವರ ಮಲಯಾಳದಲ್ಲಿ, ಒಂದು ಕಾಲಂ ಬರೆದವನ ಸಹಿ. ಪಕ್ಕದಲ್ಲಿ ದಿನಾ ಕ್ಯಾಪ್ಟನ್ ಸಹಿ, ವಾರಕ್ಕೊಮ್ಮೆ ಠಾಣೆಯ ಎಸ್‌ಐ ಸಹಿ. ತಿಂಗಳಿಗೊಮ್ಮೆ ಅಸಿಸ್ಟೆಂಟ್ ಕಮಿಷನರ ಕಚೇರಿಗೆ. ಮತ್ತೆ ಒಂದು ನಿಯಮ: ಯಾವ ದಿನವೂ ಖಾಲಿ ಬಿಡಬಾರದು. ಖಾಲಿ ಬಿಟ್ಟರೆ ಅಂದು ಕೆಲಸಕ್ಕೆ ಬಂದಿಲ್ಲ ಎಂದೇ ಲೆಕ್ಕ, ಅರವತ್ತು ದಿನ ಮತ್ತೆ ಒಂದರಿಂದ.

"ಅಡಚಣೆ ಏನೂ ಇಲ್ಲದಿದ್ದರೆ ಸಾರ್?"

"ಪೊಲೀಸ್ ಕಣ್ಣಿಗೆ ಇಲ್ಲದ್ದು ಅಂತ ಇರುವುದಿಲ್ಲ."

ಹೀಗೆಂದು, ಮಾದರಿಗಾಗಿ ಮೊದಲ ದಿನದ ಸಾಲನ್ನು ತಾವೇ ಬರೆದು ಓದಿ ಹೇಳಿದರು: "ಅಡ್ಡರಸ್ತೆಯ ಮೂಲೆಯಲ್ಲಿ ಚಹಾ ಗಾಡಿಯ ಬೆಂಚು ಒಂದು ಅಡಿ ರಸ್ತೆಗೆ ಬಂದಿದೆ, ಸಂಚಾರಕ್ಕೆ ಅಡಚಣೆ." ಬರೆದದ್ದು ಅದೇ ಬೆಂಚಿನ ಮೇಲೆ ಕೂತು, ಅದೇ ಗಾಡಿಯ ಚಹಾ ಕುಡಿಯುತ್ತಾ. ಅಕ್ಷರ ಮುತ್ತಿನ ಹಾಗಿತ್ತು. ಮೂವತ್ತು ವರ್ಷ ಗುಮಾಸ್ತಗಿರಿ ಮಾಡಿದ ಕೈ.

ಮರುದಿನ ನನ್ನ ಸರದಿ. 'ಸಾರ್, ನನಗೆ ಬರೆಯಲು ಬರುವುದಿಲ್ಲ' ಎಂಬ ಒಂದು ಮಾತು ಸಾಕಿತ್ತು. ಆದರೆ ಎರಡು ದಿನ ಹಿಂದಷ್ಟೇ ಇಡೀ ದಳವನ್ನು ನಗಿಸಿದ್ದ ಕಲಾವಿದ ನಾನು. ಮೇಲಿನ ಸಾಲನ್ನು ನೋಡಿದೆ, ಕೆಳಗೆ ಚಿತ್ರ ಬಿಡಿಸಿದ ಹಾಗೆ ಬಿಡಿಸಿದೆ. ಮಿಮಿಕ್ರಿಯವನಲ್ಲವಾ, ಗಂಟಲು ಮಾಡುವುದನ್ನು ಕೈಯೂ ಮಾಡಿತು. ಕ್ಯಾಪ್ಟನ್ ನೋಡಿ, "ಒಳ್ಳೆ ಕೈಬರಹ," ಎಂದು ಸಹಿ ಹಾಕಿದರು. ಮೂರನೆಯ ದಿನವೂ ಅದೇ. ಸಾಲಿನ ಅರ್ಥ ನನಗೆ ಗೊತ್ತಿರಲಿಲ್ಲ ಎಂದೇನಲ್ಲ. ಚೆನ್ನಾಗಿ ಗೊತ್ತಿತ್ತು. ಇದನ್ನೆಲ್ಲ ಯಾವನು ಓದುತ್ತಾನೆ ಎಂಬುದೂ ಗೊತ್ತಿತ್ತು, ಅಥವಾ ಹಾಗೆಂದುಕೊಂಡಿದ್ದೆ. ವಿಮೆ ಏಜೆಂಟ್ ತನ್ನ ರಸ್ತೆಯ ರಿಜಿಸ್ಟರಿನಲ್ಲಿ ದಿನಾ 'ದನ ಅಡ್ಡ ಬಂದಿದೆ' ಎಂದು ಬರೆಯುತ್ತಿದ್ದ. ದನಕ್ಕೆ ನೋಟಿಸ್ ಕೊಡಲಾಗುವುದಿಲ್ಲ. ಅವನು ಜಾಣ.

ಒಂದು ತಿಂಗಳು ಹೀಗೆ ಹೋಯಿತು. ನಾಲ್ಕು ಗಂಟೆಗೆ ರಸ್ತೆ, ಸೀಟಿ, ಬೈಗುಳ. ಐದೂವರೆಗೆ ಬೆಂಚು, ಚಹಾ, ಚೇಚಿಯ ತಮಾಷೆ. ಪಕ್ಕದ ರಸ್ತೆಗಳ ಸೀಟಿ ಪಾರ್ಟಿಯೂ ಅಷ್ಟು ಹೊತ್ತಿಗೆ ಬಂದು ಕೂರುತ್ತಿತ್ತು. ನಡುವೆ ಚೇಚಿ ಒಂಬತ್ತು ದಿನ ಕೊಚ್ಚಿಗೆ ಹೋದರು, ಮಗಳ ಹೆರಿಗೆಗೆ. ಗಾಡಿ, ಬೆಂಚು ಎರಡೂ ಟಾರ್ಪಾಲು ಹೊದ್ದು ಲಾಡ್ಜಿನ ಹಿತ್ತಿಲಲ್ಲಿದ್ದವು. ಆ ಒಂಬತ್ತು ದಿನವೂ ನಾನು ಖಾಲಿ ಮೂಲೆಯಲ್ಲಿ ನಿಂತು, ಚಹಾ ಗಾಡಿಯ ಬೆಂಚು ಒಂದು ಅಡಿ ರಸ್ತೆಗೆ ಬಂದಿದೆ ಎಂದು ಬರೆದೆ. ಬೆಂಚೇ ಇಲ್ಲ, ಅಳತೆ ಮಾತ್ರ ಒಂದು ಇಂಚೂ ತಪ್ಪಲಿಲ್ಲ. ಒಂದು ದಿನ ಬಂದ್. ರಸ್ತೆಯಲ್ಲಿ ನಾಯಿಯೂ ಇರಲಿಲ್ಲ. ಅಂದೂ ಸಂಚಾರಕ್ಕೆ ಅಡಚಣೆ.

ತಿಂಗಳು ಮುಗಿದು ರಿಜಿಸ್ಟರ್ ಮೇಲೆ ಹೋಯಿತು. ನಾಲ್ಕನೆಯ ದಿನ ನಾನು ಡ್ಯೂಟಿಗೆ ಬಂದಾಗ ಚೇಚಿ ಒಲೆ ಹಚ್ಚಿರಲಿಲ್ಲ. ಕೈಯಲ್ಲಿ ಒಂದು ಕಾಗದ. ಏಳು ದಿನದೊಳಗೆ ಗಾಡಿಯನ್ನು ಆ ಮೂಲೆಯಿಂದ ತೆಗೆಯಬೇಕು, ಇಲ್ಲದಿದ್ದರೆ ಲಾರಿ ತಂದು ಎತ್ತಿಕೊಂಡು ಹೋಗುತ್ತಾರೆ.

"ಕಾರಣ ಬರೆದಿದ್ದಾರೆ ನೋಡು ಅಪ್ಪೀ," ಎಂದು ಕಾಗದದ ಮೇಲೆ ಬೆರಳಿಟ್ಟು ನಿಧಾನಕ್ಕೆ ಓದಿದರು. "ಸ್ವಯಂಸೇವಕರ ದೈನಂದಿನ ವರದಿಯ ಪ್ರಕಾರ, ಪದೇ ಪದೇ." ಎರಡು ವರ್ಷ ಹಿಂದೆ ಊರೂರಿನಲ್ಲಿ ಸಾಕ್ಷರತೆಯ ಸಂಜೆ ತರಗತಿ ನಡೆದಾಗ ಕಲಿತವರು ಅವರು. ಗಾಡಿಗೆ ಕಟ್ಟಿದ್ದ 'ಸಾಲ ಕೇಳಬೇಡಿ' ಬೋರ್ಡನ್ನು ತಾವೇ ಬರೆದದ್ದೆಂದು ಹೆಮ್ಮೆ. "ನಿಮ್ಮಲ್ಲಿ ಯಾವನೋ ಬರೆದದ್ದು. ಯಾವನು ಅಂತ ಒಂದು ಕೇಳಿ ಹೇಳ್ತೀಯಾ? ಅವನ ಮುಖಕ್ಕೆ ನಾನೇನೂ ಮಾಡುವುದಿಲ್ಲ. ಇಂಥವನು ಅಂತ ಗೊತ್ತಾದರೆ ಸಾಕು."

ನಾನು ಕ್ಯಾಪ್ಟನ್ ಧ್ವನಿಯಲ್ಲಿ, "ವಿಚಾರಣೆ ನಡೆಸೋಣ," ಎಂದೆ. ದಿನಾ ನಗುತ್ತಿದ್ದ ಚೇಚಿ ಅಂದು ನಗಲಿಲ್ಲ.

ಕ್ಯಾಪ್ಟನ್ ಹತ್ತಿರ ಓಡಿದೆ. ಅವರು ಬೀಗುತ್ತಿದ್ದರು. "ಇಡೀ ನಗರದಲ್ಲಿ ನಮ್ಮ ರಿಜಿಸ್ಟರಿನ ಮೇಲೆ ಮಾತ್ರ ಕ್ರಮ ತೆಗೆದುಕೊಂಡಿದ್ದಾರೆ. ನಿನ್ನ ಹೆಸರು ಮೇಲೆ ಕಳಿಸಿದ್ದೇನೆ, ಮೋನೇ."

"ಸಾರ್, ಚೇಚಿ ಮತ್ತೆ ಎಲ್ಲಿ ಚಹಾ ಮಾಡುವುದು?"

"ಹೌದಲ್ಲ," ಎಂದು ಅರ್ಧ ನಿಮಿಷ ಯೋಚಿಸಿದರು. "ಸ್ಟ್ಯಾಂಡಿನ ಒಳಗೆ ಒಂದು ಹೋಟೆಲುಂಟು. ಆದರೆ ಅಲ್ಲಿ ಕಾಲು ಚಾಚಲಿಕ್ಕೆ ಜಾಗ ಇಲ್ಲ."

ಆಗ ನನ್ನ ತಲೆಗೆ ಕಲಾವಿದನ ಉಪಾಯ ಹೊಳೆಯಿತು. ಮನುಷ್ಯನಿಗೆ ಒಂದೇ ವಿದ್ಯೆ ಬಂದರೆ ಇದೇ ಗತಿ. ಹಲ್ಲುನೋವಿಗೂ ಅದನ್ನೇ ಅರೆದು ಹಚ್ಚುತ್ತಾನೆ. ಮರುದಿನ ಮಧ್ಯಾಹ್ನ ಎಸ್‌ಟಿಡಿ ಬೂತಿನ ಗಾಜಿನ ಪೆಟ್ಟಿಗೆ ಹೊಕ್ಕು, ಬಾಗಿಲೆಳೆದುಕೊಂಡು, ಠಾಣೆಗೆ ಫೋನ್ ಮಾಡಿದೆ. ಎಸ್‌ಐ ಎತ್ತಿದರು. ನಾನು ಅಸಿಸ್ಟೆಂಟ್ ಕಮಿಷನರ್ ಆದೆ.

"ಲುಕ್. ಆ ಚಹಾ ಗಾಡಿ. ನೋಟಿಸ್. ಏನಾಯಿತು?"

ಆ ಕಡೆ ಕುರ್ಚಿ ಹಿಂದೆ ಸರಿದ ಸದ್ದು. ಮನುಷ್ಯ ಎದ್ದು ನಿಂತಿದ್ದ. "ಸಾರ್, ಏಳು ದಿನ ಕೊಟ್ಟಿದ್ದೇವೆ ಸಾರ್."

"ಲುಕ್. ಅದು..."

"ತಡ ಆಯಿತು ಸಾರ್, ನನ್ನ ತಪ್ಪು. ನಾಳೆಯೇ ತೆಗೆಸ್ತೇನೆ ಸಾರ್."

"ಇಲ್ಲ ಇಲ್ಲ, ಲುಕ್..."

"ಸಾರ್ ಮತ್ತೆ ಫೋನ್ ಮಾಡುವ ಹಾಗೆ ಮಾಡುವುದಿಲ್ಲ ಸಾರ್. ನಾಳೆ ಹನ್ನೊಂದಕ್ಕೆ ಲಾರಿ ಅಲ್ಲಿರ್ತದೆ." ಫೋನ್ ಇಟ್ಟೇಬಿಟ್ಟರು.

ಮತ್ತೆ ಮಾಡಿದೆ. ಬೇರೆ ಯಾರೋ ಎತ್ತಿ, ಎಸ್‌ಐ ಲಾರಿ ಹುಡುಕಲು ಹೊರಟರು ಎಂದರು. ಅಸಿಸ್ಟೆಂಟ್ ಕಮಿಷನರ ಧ್ವನಿ ನನ್ನ ಗಂಟಲಲ್ಲೇ ಸತ್ತಿತು. ಮೂವತ್ತು ಸಾಲು ಬರೆದು ಏಳು ದಿನ ಕೊಡಿಸಿದ್ದೆ. ಮೂರು ವಾಕ್ಯ ಮಾತಾಡಿ ಅದರಲ್ಲಿ ಉಳಿದದ್ದನ್ನೂ ಕಸಿದುಕೊಂಡೆ. ನನ್ನ ಮಿಮಿಕ್ರಿಗೆ ಅಷ್ಟು ತತ್‌ಕ್ಷಣದ ಫಲ ಹಿಂದೆಂದೂ ಸಿಕ್ಕಿರಲಿಲ್ಲ.

ಸಂಜೆ ಅಕ್ಕ ಭಾವನ ಎದುರು ಎಲ್ಲ ಕಕ್ಕಿದೆ. ಭಾವ ಕೈಯಲ್ಲಿದ್ದ ಪೇಪರ್ ಮಡಚಿದರು.

"ನಮ್ಮಲ್ಲಿ ನಿನ್ನೆಯ ರೀಡಿಂಗನ್ನು ನೋಡಿ ಇವತ್ತಿನದು ಬರೆದವನು ನಾಳೆ ಗೇಟಿನ ಹೊರಗೆ," ಎಂದರು. "ನೀನು ಒಂದು ತಿಂಗಳು ಬರೆದದ್ದಾ?"

"ಯಾರೂ ಓದುವುದಿಲ್ಲ ಅಂತ ಗ್ರಹಿಸಿದೆ ಭಾವ."

"ಓದಲಿಲ್ಲ, ಸರಿ. ಎಣಿಸಿದ್ದಾರೆ."

ಅಕ್ಕ ಅಡುಗೆಮನೆಯಿಂದಲೇ ಕೇಳಿದಳು: "ಆ ಹೆಂಗಸಿನ ಹತ್ತಿರ ಹೇಳಿದ್ಯಾ?"

"ಇಲ್ಲ. ನಾಳೆ ಬೆಳಿಗ್ಗೆ ನೇರ ಅಸಿಸ್ಟೆಂಟ್ ಕಮಿಷನರ್ ಹತ್ತಿರ ಹೋಗುವ ಅಂತ."

"ದೊಡ್ಡವರ ಹತ್ತಿರ ಹೋಗಿ ಕ್ಷಮೆ ಕೇಳಿದರೆ ಚಂದ ಕಾಣ್ತದೆ, ಅಲ್ಲವಾ? ಮೊದಲು ಅವಳ ಹತ್ತಿರ ಹೋಗು ಮಾರಾಯ. ನಿನ್ನ ಧ್ವನಿಯಲ್ಲೇ ಮಾತಾಡು. ಉಂಟಲ್ಲ ಒಂದು?"

ಇದನ್ನು ಬರೆಯುವಾಗಲೂ ಆ ಕೊನೆಯ ಪ್ರಶ್ನೆ ಚುಚ್ಚುತ್ತದೆ. ಆದರೆ ಅಕ್ಕ ಹೇಳಿದ್ದು ಸರಿಯಿತ್ತು. ಲಾರಿ ಬರುವ ಮೊದಲು ನನಗೆ ಬರೆಯಲು ಬಾರದು ಎಂಬುದನ್ನು ಯಾರ ಧ್ವನಿಯೂ ಇಲ್ಲದೆ ಹೇಳಬೇಕು, ಎರಡು ಕಡೆ. ಆ ನಿರ್ಧಾರಕ್ಕೆ ಬರಲು ಒಂದು ತಿಂಗಳ ಮೇಲೆ ಬೇಕಾಯಿತು.

ಬೆಳಿಗ್ಗೆ ಎಂಟೂವರೆಗೆ ಮೂಲೆಗೆ ಬಂದೆ. ಚೇಚಿ ಗಿರಾಕಿಗೆ ಚಹಾ ಎತ್ತಿ ಸುರಿಯುತ್ತಿದ್ದರು. ಹೇಳಿದೆ. ಬರೆದವನು ನಾನು, ಯಾಕೆ ಬರೆದೆ, ನಿನ್ನೆ ಫೋನಿನಲ್ಲಿ ಏನು ಮಾಡಿದೆ, ಇವತ್ತು ಹನ್ನೊಂದಕ್ಕೆ ಏನಾಗುತ್ತದೆ. ಚಹಾದ ಧಾರೆ ಒಂದು ಹನಿಯೂ ಚೆಲ್ಲಲಿಲ್ಲ. ಗ್ಲಾಸನ್ನು ಗಿರಾಕಿಯ ಕೈಗೆ ಕೊಟ್ಟಮೇಲೆ ನನ್ನ ಕಡೆ ತಿರುಗಿದರು.

"ನಾನು ಕೊಚ್ಚಿಗೆ ಹೋದಾಗಲೂ ಬರೆದೆಯಾ?"

"ಬರೆದೆ ಚೇಚಿ."

"ಬಂದು ಮೊಮ್ಮಗ ಹುಟ್ಟಿದ್ದಕ್ಕೆ ನಿನಗೆ ಹಲ್ವ ಕೊಟ್ಟೆನಲ್ಲ, ಅವತ್ತು?"

"ತಿಂದು ಬರೆದೆ."

ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಬೈದಿದ್ದರೆ ನೆನಪಿಟ್ಟುಕೊಂಡು ಒಂದು ದಿನ ಅದರದ್ದೂ ಮಿಮಿಕ್ರಿ ಮಾಡುತ್ತಿದ್ದೆನೋ ಏನೋ. ಬೈಯಲಿಲ್ಲ. ಒಲೆಗೆ ನೀರು ಹೊಯ್ದು, ಸೆರಗಿಗೆ ಕೈ ಒರಸಿ, "ನಡಿ," ಎಂದರು.

ಅಸಿಸ್ಟೆಂಟ್ ಕಮಿಷನರ ಕಚೇರಿಯ ಬಾಗಿಲಲ್ಲಿದ್ದ ಪೇದೆ ನನ್ನ ತೋಳುಪಟ್ಟಿ ನೋಡಿ, "ಸೀಟಿಯವರಿಗೆ ಮೂರು ಗಂಟೆಯ ಮೇಲೆ," ಎಂದ. ನಾನು ವಾದಿಸಲು ಬಾಯಿ ತೆರೆಯುವಷ್ಟರಲ್ಲಿ ಚೇಚಿ ಮೆಟ್ಟಿಲ ಮೇಲೆ ಕೂತಾಗಿತ್ತು. ಹತ್ತು ಗಂಟೆಗೆ ಜೀಪು ಬಂತು. ಇಳಿದ ಅಧಿಕಾರಿಗೆ ನಾನು ಸೆಲ್ಯೂಟ್ ಹೊಡೆದೆ, ಗಾಬರಿಯಲ್ಲಿ ಎಡಗೈಯಲ್ಲಿ. ಅವರು ನನ್ನನ್ನು ನೋಡಲಿಲ್ಲ, ದಾರಿಗಡ್ಡ ಕೂತ ಹೆಂಗಸನ್ನು ನೋಡಿದರು. ಚೇಚಿ ನೋಟಿಸನ್ನು ಎತ್ತಿ ಹಿಡಿದರು. "ಸಾರ್ ಸಹಿ ಮಾಡಿದ್ದು. ಅದಕ್ಕೇ ಸಾರ್ ಹತ್ತಿರ ಬಂದದ್ದು."

ಒಳಗೆ ಕರೆದರು. ನಾನು ಒಂದೇ ಉಸಿರಿಗೆ ರಿಜಿಸ್ಟರಿನ ವಿಷಯ ಹೇಳಿದೆ. ಫೋನಿನ ವಿಷಯ ಬಿಟ್ಟೆ. ಅವರಿಗೆ ನಂಬಿಕೆ ಬರಲಿಲ್ಲ.

"ಲುಕ್. ನೀನು ನನಗಿಂತ ಚೆನ್ನಾಗಿ ಮಲಯಾಳ ಮಾತಾಡುತ್ತೀ. ಬರೆಯಲು ಬರುವುದಿಲ್ಲ?"

"ಇಲ್ಲ ಸಾರ್. ಓದಲಿಕ್ಕೂ."

ಒಂದು ಹಾಳೆ, ಪೆನ್ನು ಮುಂದೆ ತಳ್ಳಿದರು. "ಬರೆ. ಇವತ್ತು ಬಿಸಿಲು ಇದೆ."

ಪೆನ್ನು ಹಿಡಿದು ನಿಂತೆ. ಬಿಸಿಲು ಎಂಬ ಶಬ್ದದ ಮುಖ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ನನಗೆ ಬರುವುದನ್ನು ಬರೆದೆ: ಅಡ್ಡರಸ್ತೆಯ ಮೂಲೆಯಲ್ಲಿ, ಬೆಂಚು, ಒಂದು ಅಡಿ. ಅವರು ಹಾಳೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆ ನೋಟ ನನಗೆ ಗೊತ್ತು. ಓದುವವನ ನೋಟ ಅಲ್ಲ ಅದು; ಬೋರ್ಡಿನ ಮುಖ ಗುರುತು ಹಿಡಿಯುವವನದು. ರಿಜಿಸ್ಟರ್ ತರಿಸಿದರು, ಎಸ್‌ಐಯನ್ನೂ ಕ್ಯಾಪ್ಟನನ್ನೂ ಕೂಡಲೇ ಬರಲು ಹೇಳಿ ಕಳಿಸಿದರು.

ಕ್ಯಾಪ್ಟನ್ ಜೊತೆ ಎಸ್‌ಐ ಬರುವಾಗ ಹತ್ತೂ ಮುಕ್ಕಾಲು. ಲಾರಿಯನ್ನು ಮೂಲೆಯಲ್ಲಿ ನಿಲ್ಲಿಸಿಯೇ ಬಂದಿದ್ದರು. ಬಂದವರೇ, "ಸಾರ್ ನಿನ್ನೆ ಫೋನಿನಲ್ಲಿ ಹೇಳಿದ ಹಾಗೆ ಎಲ್ಲ ಸಿದ್ಧ," ಎಂದರು.

"ನಾನು ಫೋನ್ ಮಾಡಿದೆ?"

ನಾನು ಹೇಳಿದೆ: "ಅದೂ ನಾನೇ ಸಾರ್."

ಅಸಿಸ್ಟೆಂಟ್ ಕಮಿಷನರ್ ಕುರ್ಚಿಗೆ ಒರಗಿದರು. "ಮಾಡು."

"ಸಾರ್?"

"ಮಾಡು. ನನ್ನ ಹಾಗೆ."

ಮಾಡಿದೆ. "ಲುಕ್. ಆ ಚಹಾ ಗಾಡಿ." ಹೊರಗಿದ್ದ ಪೇದೆ, ಸಾಹೇಬರು ಕರೆದರೆಂದು ಓಡಿ ಬಂದು ಸೆಲ್ಯೂಟ್ ಹೊಡೆದು ನಿಂತ. ಯಾರೂ ನಗಲಿಲ್ಲ. ನನ್ನ ಕಲೆಯ ಅತ್ಯುತ್ತಮ ಪ್ರದರ್ಶನ ಅದು, ಮತ್ತು ಸಭಿಕರೆಲ್ಲ ನನ್ನನ್ನು ಲಾಕಪ್ಪಿಗೆ ಹಾಕುವ ಲೆಕ್ಕದಲ್ಲಿದ್ದರು. ಎಸ್‌ಐ ಹಲ್ಲು ಕಚ್ಚಿ, "ಎಡೋ, ನಿನ್ನನ್ನು..." ಎಂದು ಸುರು ಮಾಡಿದ್ದನ್ನು ಅಧಿಕಾರಿ ಕೈಯೆತ್ತಿ ನಿಲ್ಲಿಸಿದರು. ಭುಜದ ಮಟ್ಟಕ್ಕೆ, ಬೆರಳು ಅಗಲಿಸದೆ.

"ಇವನ ವಿಷಯ ಆಮೇಲೆ. ಈಗ ಇದನ್ನು ಯಾರಾದರೂ ಓದಿ," ಎಂದು ರಿಜಿಸ್ಟರ್ ತೋರಿಸಿದರು. ಎಸ್‌ಐ ಕೈಚಾಚಿದರು. "ನೀವಲ್ಲ. ನೀವು ಸಹಿ ಮಾಡಿದ್ದೀರಿ." ಕ್ಯಾಪ್ಟನ್ ಮುಂದೆ ಬಂದರು. "ನೀವೂ."

"ಕೊಡಿ ಸಾರ್," ಎಂದು ಚೇಚಿ ರಿಜಿಸ್ಟರ್ ತೆಗೆದುಕೊಂಡರು. ಕನ್ನಡಕ ಏರಿಸಿ, ಮೇಜಿನಂಚಿಗೆ ಇಟ್ಟುಕೊಂಡು, ಸಂಜೆ ತರಗತಿಯಲ್ಲಿ ಕಲಿಸಿದ ಹಾಗೆ ಒಂದೊಂದು ಅಕ್ಷರದ ಕೆಳಗೂ ಬೆರಳು ಹಿಡಿದು ಜೋರಾಗಿ ಓದಿದರು. ಮೊದಲ ಸಾಲು. ಎರಡನೆಯದು. ಮೂರನೆಯದು. ಐದನೆಯದಕ್ಕೆ ಬರುವಾಗ ಅಧಿಕಾರಿಗೂ ಬಾಯಿಪಾಠ ಆಗಿತ್ತು, ತುಟಿ ಅಲ್ಲಾಡುತ್ತಿತ್ತು. ಮತ್ತೆ ಚೇಚಿ ತಾರೀಕುಗಳಿಗೆ ಬೆರಳಿಟ್ಟರು.

"ಇದು ಬಂದ್ ದಿನ. ಇಲ್ಲಿಂದ ಇಲ್ಲಿಯವರೆಗೆ ನಾನು ಕೊಚ್ಚಿಯಲ್ಲಿ, ಗಾಡಿ ಹಿತ್ತಿಲಲ್ಲಿ. ಇದು ಮೊಮ್ಮಗ ಹುಟ್ಟಿದ ದಿನ. ಆಸ್ಪತ್ರೆಯ ಚೀಟಿ ಉಂಟು, ಬೇಕಾದರೆ ತರ್ತೇನೆ."

ಅಧಿಕಾರಿ ಎಸ್‌ಐ ಕಡೆ ತಿರುಗಿದರು. "ಮೂವತ್ತೊಂದು ದಿನ ಒಂದೇ ವಾಕ್ಯ. ನಿಮಗೆ ಓದಲು ಬರುತ್ತದೆ. ನೋಡಲಿಲ್ಲವೇ?"

ಎಸ್‌ಐ ಅಟೆನ್ಷನ್‌ಗೆ ಬಂದರು. "ಅಕ್ಷರ ಚೆನ್ನಾಗಿತ್ತು ಸಾರ್."

ಅಧಿಕಾರಿ ನೋಟಿಸಿನ ಮೇಲೆ ಅಡ್ಡ ಗೀಟು ಎಳೆದು, ಇಂಗ್ಲಿಷಿನಲ್ಲಿ ರದ್ದು ಎಂದು ಬರೆದು ಸಹಿ ಹಾಕಿದರು. ತಮ್ಮ ಸಹಿಯನ್ನು ತಾವೇ ಹೊಡೆದು ಹಾಕುವಾಗ ಮುಖ ಗಂಟಾಗಿತ್ತು. ಲಾರಿ ವಾಪಸು ಕಳಿಸಲು ಎಸ್‌ಐಗೆ ಹೇಳಿದರು. ನನ್ನ ಕಡೆ ನೋಡದೆ ಮೇಜು ತಟ್ಟಿದರು. ತೋಳುಪಟ್ಟಿ ಬಿಚ್ಚಿ ಅಲ್ಲಿಟ್ಟೆ, ಅದರ ಮೇಲೆ ಸೀಟಿ. ಫೋನಿನ ವಿಷಯ ಕೇಸಾಗಲಿಲ್ಲ. ಬರೆದುಕೊಂಡರೆ ಎಸ್‌ಐ ಒಬ್ಬ ವಿದ್ಯಾರ್ಥಿಗೆ ಎದ್ದು ನಿಂತು 'ಸಾರ್' ಎಂದದ್ದನ್ನೂ ಬರೆಯಬೇಕಾಗುತ್ತದಲ್ಲ. ನನ್ನನ್ನು ಉಳಿಸಿದ್ದು ಅವರ ಮರ್ಯಾದೆ.

ಎಲ್ಲ ಮುಗಿಯಿತು ಎನ್ನುವಾಗ ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡರು. ಮೂವತ್ತು ವರ್ಷದ ಗುಮಾಸ್ತಗಿರಿ ಕಡತವನ್ನು ಸುಮ್ಮನೆ ಮುಚ್ಚಲು ಬಿಡುತ್ತದೆಯೇ?

"ಸಾರ್, ಮೂವತ್ತು ಸಾಲು ಸುಳ್ಳು, ಒಪ್ಪುತ್ತೇನೆ. ಆದರೆ ಮೊದಲ ದಿನದ್ದು ನಾನು ಕಣ್ಣಾರೆ ನೋಡಿ ಬರೆದದ್ದು. ಬೆಂಚು ಒಂದು ಅಡಿ ರಸ್ತೆಗೆ ಬಂದದ್ದು ಬಂದದ್ದೇ. ಈಗಲೂ ದಿನಾ ಸಂಜೆ ಬರ್ತದೆ."

ಅಧಿಕಾರಿ ಸೋತವರ ಹಾಗೆ ಚೇಚಿಯ ಕಡೆ ತಿರುಗಿದರು. "ಅಮ್ಮಾ. ಗಾಡಿ ಅಲ್ಲೇ ಇರಲಿ. ಆ ಬೆಂಚು ಮಾತ್ರ ಒಂದು ಅಡಿ ಹಿಂದೆ. ಆಗುತ್ತದೆಯೇ?"

ಚೇಚಿ ಕನ್ನಡಕ ತೆಗೆದು ಮಡಚಿದರು.

"ಬೆಂಚು ಹಗುರ ಉಂಟು ಸಾರ್, ನಾನೊಬ್ಬಳೇ ಎತ್ತಿ ಹಿಂದೆ ಇಡ್ತೇನೆ. ಸಂಜೆ ಅದರ ಮೇಲೆ ಕೂತ ಇವರನ್ನು ಎಬ್ಬಿಸಲಿಕ್ಕೆ ಮಾತ್ರ ಪೊಲೀಸರನ್ನು ಕಳಿಸಿ."